ಮೀನಿನ ಮುಳ್ಳು ಹೊಟ್ಟೆಗೆ ಹೋದರೆ ಏನು ಮಾಡಬೇಕು

ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದೇ ಮದ್ದು: ಅನ್ನದ ಉಂಡೆ ಕಟ್ಟಿ ಅಗಿಯದೆ ನುಂಗು. ಮುಳ್ಳು ಇಳಿಯಿತು ಅಂದರೆ ಕಥೆ ಮುಗಿಯಿತು ಅಂತ ಲೆಕ್ಕ. ನಮ್ಮ ದೊಡ್ಡಮ್ಮನಿಗಂತೂ ಮುಳ್ಳು ನುಂಗಿದ್ದೇ ಗೊತ್ತಾಗಿರಲಿಲ್ಲ. ಬಲಗಡೆ ಕೆಳಹೊಟ್ಟೆ ನೋವು ಅಂದರು, ಗ್ಯಾಸ್ ಇರಬೇಕು ಅಂತ ಮೂರು ದಿನ ಜೀರಿಗೆ ಕಷಾಯ ಕುಡಿದರು, ಆಮೇಲೆ ಜ್ವರ ಬಂತು, ಅಪೆಂಡಿಕ್ಸ್ ಅಂತ ಆಸ್ಪತ್ರೆಗೆ ಸೇರಿಸಿದರು. ಸಿ.ಟಿ. ಸ್ಕ್ಯಾನ್ ಮಾಡಿದರೆ ಸಣ್ಣ ಕರುಳಿನ ಕೊನೆಯಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ. ಬೂತಾಯಿ ಮೀನಿನ ಮುಳ್ಳು, ಕರುಳು ಚುಚ್ಚಿಕೊಂಡು ಹೊರಗೆ ಇಣುಕಿತ್ತು.

ಮೊದಲು ಹೆದರಿಕೆ ಬಿಡಿ. ನುಂಗಿದ ವಸ್ತುಗಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ತಾವಾಗೇ ಮಲದಲ್ಲಿ ಹೊರಗೆ ಹೋಗುತ್ತವೆ. ಕರುಳು ತೂತಾಗುವುದು ಅಪರೂಪ. ಆದರೆ ತೂತು ಮಾಡುವುದು ಹೆಚ್ಚಾಗಿ ಚೂಪಾದ, ಉದ್ದನೆಯ ವಸ್ತುಗಳು: ಮೀನಿನ ಮುಳ್ಳು, ಕೋಳಿ ಮೂಳೆಯ ಚೂರು, ಟೂತ್‌ಪಿಕ್, ಪಿನ್ನು.

ಮುಳ್ಳು ಇನ್ನೂ ಗಂಟಲಲ್ಲೇ ಇದೆ ಅನಿಸಿದರೆ ತಿನ್ನುವುದು ನಿಲ್ಲಿಸಿ. ಅನ್ನದ ಉಂಡೆ, ಬಾಳೆಹಣ್ಣು ಯಾವುದೂ ಬೇಡ. ಮುಳ್ಳು ಇನ್ನಷ್ಟು ಆಳಕ್ಕೆ ನಾಟಬಹುದು. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇ.ಎನ್.ಟಿ. ಡಾಕ್ಟರ ಹತ್ತಿರ ಹೋದರೆ ಎಷ್ಟೋ ಸಲ ಚಿಮ್ಮಟದಲ್ಲಿ ಎಳೆದು ತೆಗೆದುಬಿಡುತ್ತಾರೆ, ಐದು ನಿಮಿಷದ ಕೆಲಸ. ಎಂಜಲೂ ನುಂಗಲಾಗುತ್ತಿಲ್ಲ, ಎದೆ ನೋಯುತ್ತಿದೆ, ಉಸಿರು ಕಟ್ಟುತ್ತಿದೆ ಅಂದರೆ ಮಾತ್ರ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ.

ಪಿನ್ನು, ಟೂತ್‌ಪಿಕ್, ದೊಡ್ಡ ಮೂಳೆಚೂರು ನುಂಗಿದ್ದು ಖಚಿತವಾಗಿ ಗೊತ್ತಿದ್ದರೆ ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಜಠರ ದಾಟುವ ಮೊದಲಾದರೆ ಎಂಡೋಸ್ಕೋಪಿಯಲ್ಲೇ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ) ತೆಗೆಯಬಹುದು, ಹಾಗಾಗಿ ಹೊರಡುವಾಗ ಏನೂ ತಿನ್ನಬೇಡಿ. ಬೇಗ ಹೋಗಲಿ ಅಂತ ಹರಳೆಣ್ಣೆ, ಭೇದಿ ಮಾತ್ರೆ ಕೊಡುವವರಿದ್ದಾರೆ, ದಯವಿಟ್ಟು ಬೇಡ.

ಇನ್ನು ದೊಡ್ಡಮ್ಮನ ತರಹ ಗೊತ್ತಿಲ್ಲದೆ ನುಂಗಿದವರ ವಿಷಯ. ನನಗೆ ಜಾಸ್ತಿ ಹೇಳಬೇಕಿರುವುದು ಇದನ್ನೇ, ಯಾಕೆಂದರೆ ಮುಳ್ಳಿನಿಂದ ಕರುಳು ತೂತಾದವರಲ್ಲಿ ಬಹಳ ಜನರಿಗೆ ನುಂಗಿದ ನೆನಪೇ ಇರುವುದಿಲ್ಲ. ಮುಳ್ಳು ಮಾಡುವ ತೂತು ಸೂಜಿಮೊನೆಯಷ್ಟು. ಹೊಟ್ಟೆಯೊಳಗಿನ ಕೊಬ್ಬಿನ ಪದರ ಬಂದು ಅದನ್ನು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಒಮ್ಮೆಲೇ ಕಿರುಚುವಂಥ ನೋವು ಬರದೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ನೆ ಮೆಲ್ಲಗೆ ನೋಯುತ್ತಿರುತ್ತದೆ. ಒಂದೇ ಜಾಗದಲ್ಲಿ ಬಿಡದೆ ನೋವು, ಜೊತೆಗೆ ಜ್ವರ, ವಾಂತಿ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ಕೆಮ್ಮಿದರೂ ನೋವು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಕಷಾಯದ ಪಾತ್ರೆ ಕೆಳಗಿಟ್ಟು ಹೊರಡಿ.

ಅಲ್ಲಿ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಕಳೆದ ಎರಡು ಮೂರು ವಾರದಲ್ಲಿ ಮೀನು, ಮೂಳೆ ತಿಂದಿದ್ದೇನೆ, ಹಲ್ಲುಸೆಟ್ ಹಾಕುತ್ತೇನೆ ಅಂತ. ಹಲ್ಲುಸೆಟ್ ಯಾಕೆ ಅಂತೀರಾ? ಅದು ಅಂಗುಳನ್ನು ಮುಚ್ಚಿರುತ್ತದೆ, ತುತ್ತಿನಲ್ಲಿ ಮುಳ್ಳಿದ್ದರೂ ಬಾಯಿಗೆ ಗೊತ್ತಾಗುವುದಿಲ್ಲ. ಈ ಒಂದು ಮಾತು ಹೇಳಿದರೆ ಡಾಕ್ಟರು ಹುಡುಕುವ ದಿಕ್ಕೇ ಬದಲಾಗುತ್ತದೆ. ಬರೀ ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅಂದರು ಅಂತ ಸಮಾಧಾನಪಡಬೇಡಿ, ಮೀನಿನ ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಸಿ.ಟಿ. ಬೇಕಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪೇನಿದೆ ಅಲ್ವಾ?

ಮಕ್ಕಳಿರುವ ಮನೆಯಲ್ಲಿ ಮುಳ್ಳಿಗಿಂತ ಕೆಟ್ಟದ್ದು ಎರಡಿದೆ. ಒಂದು, ರಿಮೋಟು, ಆಟಿಕೆಗಳ ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಸುಟ್ಟುಬಿಡುತ್ತದೆ, ತಕ್ಷಣ ಓಡಿ. ಮಗುವಿಗೆ 1 ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಆಗುತ್ತಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, 6 ಸಲ ಸಾಕು. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಇನ್ನೊಂದು, ಪುಟಾಣಿ ಅಯಸ್ಕಾಂತದ ಗುಂಡುಗಳು. ಎರಡು ಹೋದರೆ ಬೇರೆ ಬೇರೆ ಸುರುಳಿಯ ಕರುಳಿನಲ್ಲಿದ್ದರೂ ಒಂದನ್ನೊಂದು ಎಳೆದು, ನಡುವಿನ ಕರುಳನ್ನು ಅದುಮಿ ತೂತು ಮಾಡುತ್ತವೆ. ಇಲ್ಲೂ ಮಲದಲ್ಲಿ ಬರಲಿ ಅಂತ ಕಾಯಬಾರದು.

ದೊಡ್ಡಮ್ಮ ಆಪರೇಷನ್ ಆಗಿ ಆರಾಮಾಗಿದ್ದಾರೆ. ಮೀನು ಬಿಟ್ಟಿಲ್ಲ. ತಟ್ಟೆಯಲ್ಲೇ ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿ ತಿನ್ನುತ್ತಾರೆ, ಅದೂ ಸಣ್ಣ ಮುಳ್ಳು ಕಡಿಮೆ ಅಂತ ಅಂಜಲ್ ಮಾತ್ರ. ಅಂಜಲಿನ ರೇಟು ಕೇಳಿ ಈಗ ಹೊಟ್ಟೆನೋವು ದೊಡ್ಡಪ್ಪನಿಗೆ.