ಬ್ರಿಗಿಡ್ ಹಬ್ಬ ಬಂತು, ಕುಂಡ ತೆಗೆಯಿರಿ: ಐರ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಐರ್ಲೆಂಡಿಗೆ ಬಂದ ಮೊದಲ ವರ್ಷ ಜನವರಿ ತಿಂಗಳು ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಆಗಿರುತ್ತದೆ, ಹೊರಗೆ ನೋಡಿದರೆ ನಾಲ್ಕೂವರೆಗೇ ಕತ್ತಲು. ಡಬ್ಲಿನ್ ಇರುವುದು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲು ಏಳೂವರೆ ಗಂಟೆ ಅಷ್ಟೇ. ಫೆಬ್ರವರಿ 1ರ ಹೊತ್ತಿಗೆ ಅದು ಒಂಬತ್ತು ಗಂಟೆಯ ಹತ್ತಿರ ಬರುತ್ತದೆ, ಈ ನಾಡಿನವರು ವಸಂತ ಶುರುವಾಯಿತು ಎನ್ನುವುದೂ ಅಂದೇ. ಮಳೆ, ಗಾಳಿ, ಚಳಿ ಎಲ್ಲ ಹಾಗೇ ಇರುತ್ತವೆ. ಅವರು ನೋಡುವುದು ಬೆಳಕನ್ನು, ಈಯಲು ಬಂದ ಕುರಿಯ ಕೆಚ್ಚಲನ್ನು. ನೀವೂ ನಿಮ್ಮ ಹಿತ್ತಲನ್ನು ಆ ದಿನದಿಂದಲೇ ಶುರು ಮಾಡಿ ಎಂಬುದು ನನ್ನ ಸಲಹೆ.

ಈ ದಿನಕ್ಕೆ ಇಂಬೊಲ್ಕ್ ಎಂದು ಹಳೆಯ ಹೆಸರು. ಕ್ರೈಸ್ತ ಧರ್ಮ ಬರುವ ಮೊದಲಿನಿಂದ ಇಲ್ಲಿ ವರ್ಷವನ್ನು ನಾಲ್ಕು ಹಬ್ಬಗಳು ಭಾಗ ಮಾಡುತ್ತಿದ್ದವು: ನವೆಂಬರ್ ಆರಂಭದ ಸಾವಿನ್, ಫೆಬ್ರವರಿಯ ಇಂಬೊಲ್ಕ್, ಮೇ ತಿಂಗಳ ಬೆಲ್ಟೇನ್, ಆಗಸ್ಟಿನ ಲೂನಸ. ಮೀತ್ ಕೌಂಟಿಯ ತಾರಾ ಬೆಟ್ಟದ ಮೇಲೆ ಸುಮಾರು 5000 ವರ್ಷ ಹಳೆಯ ಸಮಾಧಿ ದಿಬ್ಬವೊಂದಿದೆ, ಮೌಂಡ್ ಆಫ್ ದ ಹಾಸ್ಟೇಜಸ್. ಇಂಬೊಲ್ಕ್ ಮತ್ತು ಸಾವಿನ್ ಸುಮಾರಿಗೆ ಹುಟ್ಟುವ ಸೂರ್ಯನ ಬೆಳಕು ಅದರ ಕಿರಿದಾದ ಓಣಿಯೊಳಗೆ ನುಗ್ಗುತ್ತದೆ. ಒಮ್ಮೆಯಾದರೂ ಹೋಗಿ ನೋಡಿ.

ಇಂಬೊಲ್ಕ್ ಬ್ರಿಗಿಡ್‌ಳ ಹಬ್ಬ. ಆಕೆ ಯಾರು ಎಂದು ಕೇಳಿದರೆ ಪಕ್ಕದ ಮನೆಯ ಅಜ್ಜಿ ಕಿಲ್ಡೇರ್ ಊರಿನ ಸಂತ ಮಹಿಳೆ ಎನ್ನುತ್ತಾರೆ, ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವತೆಗಳನ್ನು ನಂಬುವ ಪೇಗನ್ ಗೆಳತಿ ದೇವಿ ಎನ್ನುತ್ತಾಳೆ. ಸುಮಾರು ಸಾವಿರದ ನೂರು ವರ್ಷ ಹಿಂದಿನ ಒಂದು ಐರಿಷ್ ಶಬ್ದಕೋಶ ಆಕೆಯನ್ನು ಕವಿಗಳು ಪೂಜಿಸುವ ದೇವಿ ಎಂದೇ ಹೇಳುತ್ತದೆ. ವೈದ್ಯಕ್ಕೂ ಕಮ್ಮಾರಿಕೆಗೂ ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು. ಕಿಲ್ಡೇರಿನಲ್ಲಿ ಸನ್ಯಾಸಿನಿಯರು ಕಾಯುತ್ತಿದ್ದ ಆರದ ಬೆಂಕಿಯ ಬಗ್ಗೆ 12ನೇ ಶತಮಾನದಲ್ಲೇ ಬರಹವಿದೆ. ಮುಂದೆ ನಂದಿಹೋದ ಆ ಬೆಂಕಿಯನ್ನು 1993ರಲ್ಲಿ ಬ್ರಿಗಿಡೈನ್ ಸನ್ಯಾಸಿನಿಯರು ಮತ್ತೆ ಹೊತ್ತಿಸಿದರು. ಯಾರ ಮುಂದೆಯೂ ಸಂತ ಮಹಿಳೆಯೋ ದೇವಿಯೋ ಎಂದು ವಾದಕ್ಕೆ ನಿಲ್ಲಬೇಡಿ. ಬ್ರಿಗಿಡ್ ಹೆಸರಿನ ಒಂದೇ ಪವಿತ್ರ ಬಾವಿಯ ಬಳಿ ಇಬ್ಬರೂ ಬಂದು ಕೈಮುಗಿಯುವುದನ್ನು ನೋಡುವಿರಿ. ಅಲ್ಲಿನ ಮರಕ್ಕೆ ಹರಕೆಯ ಬಟ್ಟೆ ಕಟ್ಟುವುದಿದ್ದರೆ ಹತ್ತಿಯದು ಇರಲಿ, ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ, ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ.

ಜನವರಿ 31ರ ಸಂಜೆಯ ಆಚರಣೆ ನನಗೆ ಬಹಳ ಇಷ್ಟ. ಒಂದು ತುಂಡು ಬಟ್ಟೆಯನ್ನು ಹೊರಗೆ ಪೊದೆಯ ಮೇಲೆ ಹಾಕುತ್ತಾರೆ. ರಾತ್ರಿ ಹಾದುಹೋಗುವ ಬ್ರಿಗಿಡ್ ಅದನ್ನು ಮುಟ್ಟುತ್ತಾಳೆ, ಮುಂದೆ ತಲೆನೋವಿಗೆ ಅದೇ ಬಟ್ಟೆ ಕಟ್ಟಿಕೊಳ್ಳಬಹುದು ಎಂದು ನಂಬಿಕೆ. ಹಳೆಯ ಕಾಲದಲ್ಲಿ ಕಿಟಕಿಯ ಹೊರಗೆ ಆಕೆಗೆಂದು ಬ್ರೆಡ್ಡು, ಬೆಣ್ಣೆ ಇಡುತ್ತಿದ್ದರು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬೆಳೆದ ನಮ್ಮ ವಿಜಯಪುರ, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಂಜೆ ಬ್ರಿಗಿಡ್ ಶಿಲುಬೆಯನ್ನೂ ಹೆಣೆಯುತ್ತಾರೆ. ಅದಕ್ಕೆ ಬೇಕಾದ್ದು ಜೌಗು ನೆಲದ ರಶ್ ಹುಲ್ಲು; ಅದನ್ನು ಕೊಯ್ಯುವುದಿಲ್ಲ, ಕೈಯಿಂದ ಕೀಳುತ್ತಾರೆ. ಒಂದು ಕಡ್ಡಿಯನ್ನು ನೇರ ಹಿಡಿದು, ಇನ್ನೊಂದನ್ನು ನಡುವೆ ಮಡಚಿ ಅದರ ಸುತ್ತ ಹಾಕಿ, ಬಿಗಿದು, ಕಾಲು ಸುತ್ತು ತಿರುಗಿಸಿ. ಮತ್ತೊಂದು ಮಡಚಿ, ಮತ್ತೆ ತಿರುಗಿಸಿ. ನಡುವೆ ಚೌಕ ಬೆಳೆಯುತ್ತ ಹೋಗುತ್ತದೆ. ಹೆಬ್ಬೆರಳು ಸಡಿಲ ಬಿಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಕೊನೆಗೆ ನಾಲ್ಕೂ ತುದಿಗೆ ದಾರ ಕಟ್ಟಿ ಬಾಗಿಲ ಮೇಲೆ ತೂಗುಹಾಕಿ. ಶಾಲೆಯಲ್ಲಿ ಮಕ್ಕಳು ಕಲಿತು ಬರುತ್ತಾರೆ, ಅವರಿಂದಲೇ ಹೇಳಿಸಿಕೊಳ್ಳಿ.

ಇನ್ನು ಹಿತ್ತಲಿನ ಮಾತು. ಮೊದಲ ಎಚ್ಚರಿಕೆ: ಊರಿನಿಂದ ಬೀಜ, ಸಸಿ, ಕರಿಬೇವಿನ ಕಡ್ಡಿ ಸೂಟ್‌ಕೇಸಿನಲ್ಲಿ ತರಬೇಡಿ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಯೂನಿಯನ್ ಹೊರಗಿನಿಂದ ಬರುವ ಗಿಡ, ಬಿತ್ತನೆ ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಬೇಕು. ಅಮ್ಮ ಕಟ್ಟಿಕೊಟ್ಟ ಬೀಜ ಎಂದು ಮನಸ್ಸು ಎಳೆಯುತ್ತದೆ, ನಿಜ. ಆದರೆ ಒಂದು ರೋಗ ಇಲ್ಲಿನ ಹೊಲಕ್ಕೆ ಎಷ್ಟು ದೊಡ್ಡ ವಿಪತ್ತು ತರಬಲ್ಲದು ಎಂಬುದನ್ನು 1845ರ ಆಲೂಗಡ್ಡೆ ರೋಗದಿಂದ ಬರಗಾಲ ಕಂಡ ಈ ದೇಶಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬೀಜವನ್ನು ಇಲ್ಲಿನ ಗಾರ್ಡನ್ ಸೆಂಟರಿನಲ್ಲೇ ಕೊಳ್ಳಿ. ಬಾಡಿಗೆ ಮನೆಯಾದರೆ ನೆಲ ಅಗೆಯುವ ಮುನ್ನ ಮಾಲೀಕರನ್ನು ಕೇಳಿ. ಕುಂಡ, ಗ್ರೋ ಬ್ಯಾಗ್ ಆದರೆ ಆ ತೊಂದರೆಯೇ ಇಲ್ಲ, ಮನೆ ಬದಲಾಯಿಸುವಾಗ ಜೊತೆಗೇ ಬರುತ್ತವೆ.

ಫೆಬ್ರವರಿಯಲ್ಲಿ ಮನೆಯೊಳಗೆ ಮೆಣಸಿನಕಾಯಿ, ಬದನೆ ಬಿತ್ತಿ. ಇಲ್ಲಿನ ಬೇಸಿಗೆ ಚಿಕ್ಕದು, ತಡ ಮಾಡಿದರೆ ಕಾಯಿ ಹಣ್ಣಾಗುವಷ್ಟರಲ್ಲಿ ಚಳಿ ಬಂದುಬಿಡುತ್ತದೆ. ಕಾಂಪೋಸ್ಟ್ ತುಂಬಿದ ಟ್ರೇಗೆ ಮೊದಲೇ ನೀರು ಹಾಕಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ. ಮೊಳಕೆಗೆ ಬೇಕಾದ್ದು 20ರಿಂದ 25 ಡಿಗ್ರಿ ಬಿಸಿ. ನಿಮ್ಮ ಮನೆಯ ಹಾಟ್ ಪ್ರೆಸ್, ಅಂದರೆ ಬಿಸಿನೀರಿನ ಸಿಲಿಂಡರ್ ಇರುವ ಬೀರು, ಅದಕ್ಕೆ ಹೇಳಿ ಮಾಡಿಸಿದ ಜಾಗ. ದಿನಾ ತೆಗೆದು ನೋಡಿ. ಮೊದಲ ಮೊಳಕೆ ತಲೆ ಎತ್ತಿದ ದಿನವೇ ದಕ್ಷಿಣದ ಕಿಟಕಿಗೆ ಇಡಿ. ಕತ್ತಲಲ್ಲಿ ಎರಡು ದಿನ ಉಳಿದರೂ ಸಸಿ ಬಿಳಿಚಿಕೊಂಡು ಉದ್ದಕ್ಕೆ ಸೊರಗುತ್ತದೆ. ಕಿಟಕಿಯಲ್ಲೂ ದಿನಕ್ಕೊಮ್ಮೆ ಟ್ರೇ ತಿರುಗಿಸಿಡಿ. ಟೊಮೆಟೊ ತಿಂಗಳ ಕೊನೆಗೆ ಸಾಕು.

ಹೊರಗಿನ ನೆಲ ಇನ್ನೂ ತಣ್ಣಗಿರುತ್ತದೆ. ಬ್ರಾಡ್ ಬೀನ್ಸ್, ಬೆಳ್ಳುಳ್ಳಿ ಅದನ್ನು ತಡೆಯುತ್ತವೆ, ಮತ್ತೇನನ್ನೂ ಹಾಕಬೇಡಿ. ಒದ್ದೆ ಮಣ್ಣನ್ನು ತುಳಿಯಲೂ ಬೇಡಿ, ಗಟ್ಟಿಯಾಗಿ ಕೂತುಬಿಡುತ್ತದೆ. ನನ್ನ ಹಬ್ಬದಿಂದ ಮುಂದೆ ದಿನ ಬಿಟ್ಟು ದಿನ ಹೊಳವು ಎಂದು ಬ್ರಿಗಿಡ್ ಮಾತು ಕೊಟ್ಟಿದ್ದಾಳೆ ಅನ್ನುತ್ತಾರೆ ಇಲ್ಲಿನ ಹಿರಿಯರು. ಆ ಹೊಳವಿನಲ್ಲಿ ಕಳೆ ಕಿತ್ತು, ಗೊಬ್ಬರ ಹರಡಿ ಇಟ್ಟರೆ ಸಾಕು.

ಬಿತ್ತನೆ ಆಲೂಗಡ್ಡೆಯನ್ನು ಈಗಲೇ ಮೊಟ್ಟೆ ಟ್ರೇಯಲ್ಲಿ ಬೆಳಕಿಗೆ ಇಟ್ಟು ಮೊಳಕೆ ಬರಿಸಿ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ನೆಡುವುದು ಇಲ್ಲಿಯ ವಾಡಿಕೆ. ಮೆಂತ್ಯ ಏಪ್ರಿಲ್ ಕೊನೆಗೆ ಹೊರಗೆ ಚೆಲ್ಲಿದರೆ ಚೆನ್ನಾಗಿ ಬರುತ್ತದೆ. ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳದಿಂದ ಮಾತ್ರ ಕಾಪಾಡಿಕೊಳ್ಳಬೇಕು, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಒಳ್ಳೆಯ ಉಪಾಯ. ಮೆಣಸಿನ ಸಸಿಗೆ ಮೇ ಕೊನೆಯವರೆಗೆ ಅವಸರ ಬೇಡ. ಫ್ರಾಸ್ಟ್, ಅಂದರೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಚಳಿಯ ಭಯ ಹೋದ ಮೇಲೆ ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಗಾಳಿಗೆ ರೂಢಿ ಮಾಡಿಸಿ, ಆಮೇಲೆ ಗೋಡೆಯ ಬಿಸಿಲಿಗೆ ಬಿಡಿ. ಹೆಚ್ಚಾದ ಸಸಿ ಇದ್ದರೆ ಅಕ್ಕಪಕ್ಕದವರಿಗೆ ಕೊಡಿ. ಬದಲಿಗೆ ರೂಬಾರ್ಬ್ ಎಂಬ ಹುಳಿ ದಂಟಿನ ಗಿಡದ ಬೇರೋ, ಮುಂದಿನ ಜನವರಿಗೆ ರಶ್ ಹುಲ್ಲು ಸಿಗುವ ಗದ್ದೆಯ ದಾರಿಯೋ ನಿಮಗೆ ಸಿಗುತ್ತದೆ.