ಶ್ರುತಿಪೆಟ್ಟಿಗೆ ಇಲ್ಲದೆ ಹಾಡಿದ್ದು: ನನ್ನ ಆಡಿಷನ್ ಅನುಭವ

ಮೊದಲ ಸಲ ಹೋದಾಗ ನಾನು ಹಾಡಿದ್ದು ಬರೀ 40 ಸೆಕೆಂಡು. ಹಿಂದಿ ಚಾನೆಲ್ ಒಂದರ ರಾಷ್ಟ್ರಮಟ್ಟದ ಗಾಯನ ಸ್ಪರ್ಧೆ, ಬೆಂಗಳೂರಿನ ಆಡಿಷನ್. ವಿಜಯನಗರದಿಂದ ಬೆಳಗಿನ ಮೊದಲ ಬಸ್ಸು ಹಿಡಿದಿದ್ದೆ. ಆದರೂ ನನ್ನ ಮುಂದೆ ಉದ್ದದ ಸಾಲು. ಎದೆಗೆ ನಂಬರ್ ಅಂಟಿಸಿ ಕಾರಿಡಾರ್‌ನಲ್ಲಿ ನಿಲ್ಲಿಸಿದರು. ಅಲ್ಲಿ ಒಬ್ಬೊಬ್ಬರದು ಒಂದೊಂದು ಹಾಡು, ಒಂದೊಂದು ಸ್ಕೇಲು, ಅಂದರೆ ಹಾಡಿಗೆ ಹಿಡಿಯುವ ಶ್ರುತಿ. ಪಕ್ಕದ ಹುಡುಗ ಗಿಟಾರ್ ತಂದಿದ್ದ, ಹಿಂದೆ ನಿಂತವಳು ಆಲಾಪ ಮಾಡುತ್ತಿದ್ದಳು. ಬಾಗಿಲ ಹತ್ತಿರ ಫೋನ್ ಆಫ್ ಮಾಡಿಸಿದರು. ಒಳಗೆ ಒಂದು ಮೇಜು, ಇಬ್ಬರು ಜನ. ಹಾಡಿ ಅಂದರು. ಹಿನ್ನೆಲೆ ಸಂಗೀತದ ಕರೋಕೆ ಇಲ್ಲ, ಶ್ರುತಿ ಹಿಡಿಯೋಕೆ ತಂಬೂರಿ ಇಲ್ಲ.

ಪಲ್ಲವಿ ಚೆನ್ನಾಗೇ ಬಂತು. ಅಂತರಾದಲ್ಲಿ, ಅಂದರೆ ಪಲ್ಲವಿ ಆದಮೇಲಿನ ಚರಣದಲ್ಲಿ, ಮೇಲಿನ ಗಾಂಧಾರ (ಎತ್ತರದ 'ಗ' ಸ್ವರ) ಮುಟ್ಟಬೇಕಾದ ಜಾಗದಲ್ಲಿ ಧ್ವನಿ ಒಡೆಯಿತು. ಸಾಕು, ಥ್ಯಾಂಕ್ಯೂ ಅಂದರು.

ಹೊರಗೆ ಬಂದವಳೇ ಮರದ ಕೆಳಗೆ ಕೂತು ಫೋನ್ ಆನ್ ಮಾಡಿದೆ. ಹಾಡು ಶುರು ಮಾಡಿದ ಸ್ವರ ಕಿವಿಯಲ್ಲಿ ಇನ್ನೂ ಇತ್ತು. ಅದಕ್ಕೆ ತಂಬೂರಿ ಆಪ್ ಹೊಂದಿಸಿ ನೋಡಿದೆ. ಮನೆಯಲ್ಲಿ 'ಎ' ಸ್ಕೇಲ್‌ನಲ್ಲಿ ಹಾಡುತ್ತಿದ್ದದ್ದನ್ನು ಅಲ್ಲಿ 'ಸಿ'ಯಿಂದ ಎತ್ತಿದ್ದೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಎರಡನ್ನೂ ಎಣಿಸಿದರೆ ಮೂರು ಮನೆ ಮೇಲೆ! ಭಯ ಆದಾಗ ಶ್ರುತಿ ತಾನಾಗೇ ಏರುತ್ತದೆ. ಸುತ್ತ ಹಾಡುವವರ ಸ್ವರವೂ ಎಳೆಯುತ್ತದೆ. ಇನ್ನೊಂದು ತಪ್ಪು ಅಂದರೆ, ನಾನು ಸ್ಕೇಲ್ ಗೊತ್ತು ಮಾಡಿಕೊಂಡಿದ್ದು ಸಂಜೆ ಅಭ್ಯಾಸದಲ್ಲಿ. ಬೆಳಗಿನ ಗಂಟಲು ಬೇರೆ, ಸಂಜೆಯ ಗಂಟಲೇ ಬೇರೆ. ಬೆಳಿಗ್ಗೆ ಮೇಲಿನ ಸ್ವರಗಳು ಸುಲಭವಾಗಿ ತೆರೆಯುವುದಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಹಚ್ಚಿಕೊಂಡೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಯಾರ ಹತ್ತಿರವೂ ಮಾತಾಡುವ ಮುಂಚೆ, ನೆನಪಿನಿಂದಲೇ 'ಸ', ಅಂದರೆ ಹಾಡಿನ ಆಧಾರ ಸ್ವರ, ಹಿಡಿಯುವುದು. ಆಮೇಲೆ ತಂಬೂರಿ ಹಾಕಿ ಎಷ್ಟು ತಪ್ಪಿದೆ ಅಂತ ನೋಡುವುದು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದೊಳಗೆ ಬರೆಯುತ್ತಿದ್ದೆ. ಒಂದು ಮನೆ ಮೇಲೆ ಹೋದರೆ +1, ಎರಡು ಕೆಳಗಾದರೆ -2. ಮೊದಲ ತಿಂಗಳು ಆ ಪುಟ ನೋಡೋಕೆ ಬೇಜಾರಾಗುತ್ತಿತ್ತು. ಆಮೇಲೆ ನನಗೊಂದು ಗುರುತು ಸಿಕ್ಕಿತು. ನನ್ನ ಧ್ವನಿ ಆರಾಮವಾಗಿ ಇಳಿಯುವ ಕೊನೆಯ ಸ್ವರ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುತ್ತಿರಲಿಲ್ಲ. ಅಲ್ಲಿಗೆ ಇಳಿದು, ಮೆಟ್ಟಿಲು ಎಣಿಸಿದ ಹಾಗೆ ಮೇಲೆ ಬಂದರೆ 'ಸ' ಸಿಗುತ್ತಿತ್ತು. ಮೂರನೇ ತಿಂಗಳಿಗೆ ಚೌಕಗಳಲ್ಲಿ ಸೊನ್ನೆ ಜಾಸ್ತಿ ಆದವು. ಹಾಡಿನ ಸ್ಕೇಲನ್ನೂ ಒಂದು ಮನೆ ಇಳಿಸಿ 'ಜಿ ಶಾರ್ಪ್' ಮಾಡಿಕೊಂಡೆ.

ಇನ್ನೊಂದು ದೊಡ್ಡ ಕೆಲಸ ಉಚ್ಚಾರಣೆ. ದಕ್ಷಿಣದವರಿಗೆ ಹಿಂದಿ ಹಾಡು ಒಗ್ಗಲ್ಲ ಅನ್ನುವ ಮಾತು ಸುಳ್ಳಾಗಿ ಎಷ್ಟೋ ವರ್ಷ ಆಯಿತು. 2010ರಲ್ಲಿ ಶ್ರೀರಾಮಚಂದ್ರ, 2017ರಲ್ಲಿ ರೇವಂತ್ ಹಿಂದಿ ಟಿವಿಯ ಗಾಯನ ಸ್ಪರ್ಧೆ ಇಂಡಿಯನ್ ಐಡಲ್ ಗೆದ್ದರು, ಇಬ್ಬರೂ ತೆಲುಗಿನವರು. ಅದೇ ಸ್ಪರ್ಧೆಯ 2021ರ ಆಗಸ್ಟ್ 15ರ ಫೈನಲ್‌ನ ಆರು ಜನರಲ್ಲಿ ನಮ್ಮ ಮೂಡುಬಿದಿರೆಯ ನಿಹಾಲ್ ತಾವ್ರೋ ಒಬ್ಬರು. ಅವರು ಕನ್ನಡದ ಸರಿಗಮಪದಲ್ಲೂ ಹಾಡಿದವರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಟಿವಿ ಮುಂದಿನಿಂದ ಏಳಲಿಲ್ಲ.

ಆದರೆ ಶ್ರಮ ಬೇಕು. ಕನ್ನಡದಲ್ಲಿ ಪದದ ಕೊನೆಗೆ ಸಾಮಾನ್ಯವಾಗಿ 'ಅ', 'ಇ', 'ಉ' ತರಹದ ಸ್ವರಾಕ್ಷರ ಇರುತ್ತದೆ. ಹಾಗಾಗಿ 'ರಾತ್' ಅನ್ನೋದು ನನ್ನ ಬಾಯಲ್ಲಿ 'ರಾತು' ಆಗುತ್ತಿತ್ತು. 'ಮೈಂ' ಅಂತ ಓದಿದರೆ ಕೊನೆಗೆ ನಮ್ಮ ತುಟಿ ಮುಚ್ಚಿ 'ಮ್' ಬರುತ್ತದೆ. ಹಿಂದಿಯಲ್ಲಿ ಕೊನೆಗೆ ತುಟಿ ಮುಚ್ಚಬಾರದು, ಧ್ವನಿ ಮೂಗಿಗೆ ಹೋಗಬೇಕು, ಅಷ್ಟೇ. 'ಹೈ' ಕೂಡ ನಮ್ಮ ಹೈಸ್ಕೂಲಿನ 'ಹೈ' ಅಲ್ಲ, 'ಹ್ಯಾ'ಕ್ಕೆ ಹತ್ತಿರ. ಶಿವಾಜಿನಗರದ ಗೆಳತಿಯೊಬ್ಬಳ ಅಮ್ಮ ಉರ್ದು ಕವಿತೆ ಚೆನ್ನಾಗಿ ಓದುತ್ತಾರೆ. ಅವರ ಹತ್ತಿರ ಆರು ಭಾನುವಾರ ಕೂತೆ. ಹಾಡುವುದಕ್ಕೆ ಬಿಡಲೇ ಇಲ್ಲ ಅವರು. ಸಾಹಿತ್ಯವನ್ನು ಸುಮ್ನೆ ಓದಿಸಿದರು. 'ಜ಼ಿಂದಗಿ'ಯ ಮೊದಲ ಅಕ್ಷರಕ್ಕೆ ಹಲ್ಲುಗಳ ನಡುವೆ ಜೇನು ಗುಂಯ್‌ಗುಟ್ಟಬೇಕು ಅಂತ ನನ್ನ ಬೆರಳನ್ನು ತಮ್ಮ ಗಂಟಲ ಮೇಲೆ ಇಡಿಸಿಕೊಂಡು ತೋರಿಸಿದರು. ಆ ಕಂಪನ ಬೆರಳಿಗೆ ತಾಗಿದ ಮೇಲೇ ನನಗೆ ಅದು ಬಂದದ್ದು.

ಎರಡನೇ ಸಲ ಕಾರಿಡಾರ್‌ನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತೆ. ಬಿಸಿನೀರು ಒಂದೊಂದೇ ಗುಟುಕು. ನನ್ನ ನಂಬರ್ ಕೂಗಿದಾಗ ಕೆಳಗಿನ ಸ್ವರಕ್ಕೆ ಇಳಿದು ಮೆಲ್ಲಗೆ ಗುನುಗಿದೆ, ಮೇಲೆ ಬಂದೆ, 'ಸ' ಸಿಕ್ಕಿತು. ಬಾಯಿ ತೆರೆಯುವ ಮುಂಚೆ ಮೇಲಿನ ಗಾಂಧಾರವನ್ನು ಮನಸ್ಸಲ್ಲೇ ಒಮ್ಮೆ ಮುಟ್ಟಿ ನೋಡಿದೆ. ಈ ಸಲ ಅಂತರಾ ಪೂರ್ತಿ ಹಾಡಲು ಬಿಟ್ಟರು. ಇನ್ನೊಂದು ಹಾಡಿ ಅಂದರು, ಹಾಡಿದೆ. ನಿಮ್ಮ ಕಡೆಯದು ಏನಾದರೂ ಇದೆಯಾ ಅಂದರು. ಅಜ್ಜಿ ಕಲಿಸಿದ ಬೀಸೋ ಪದ ಹಾಡಿದೆ. ಅಲ್ಲಿಯವರೆಗೂ ಕಾಗದದ ಮೇಲೆ ಬರೆಯುತ್ತಿದ್ದವರು ತಲೆ ಎತ್ತಿ ನೋಡಿದ್ದು ಆಗಲೇ.

ಮುಂದಿನ ಸುತ್ತಿಗೆ ಚೀಟಿ ಕೊಟ್ಟರು. ಅದು ಕ್ಯಾಮೆರಾ ಎದುರು. ಅಲ್ಲೂ ಹಾಡಿದೆ, ಫೋನ್ ಮಾಡುತ್ತೇವೆ ಅಂದರು. ಮೂರು ವಾರ ಫೋನನ್ನು ಕೈಯಿಂದ ಕೆಳಗೆ ಇಡಲಿಲ್ಲ. ಕರೆ ಬರಲಿಲ್ಲ. ತುಂಬಾ ಅತ್ತೆ, ಅದು ನಿಜ.

ಮುಂದಿನ ಆಡಿಷನ್ ಯಾವಾಗ ಅಂತ ಇನ್ನೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಕ್ಯಾಲೆಂಡರ್‌ನಲ್ಲಿ ಬರೆದದ್ದು -1. ರಾತ್ರಿ ಮೊಸರು ತಿಂದಿದ್ದೆ, ಅದಕ್ಕೇ ಇರಬೇಕು.