‘ತಪ್ಪಾಯ್ತು’ ಅಲ್ಲ, ‘ತಪ್ಪು ಮಾಡಿದೆ’

ಕ್ಷಮೆ ಕೇಳಲು ಹೋಗುವ ಮುಂಚೆ ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ‘ದುಡ್ಡು ಖರ್ಚಾಗಿಹೋಯ್ತು’ ಎಂದರೆ ಮಾಡಿದವರೇ ನಾಪತ್ತೆ! ‘ನಿಮ್ಮ ದುಡ್ಡನ್ನು ನಾನು ಖರ್ಚು ಮಾಡಿದೆ’ ಎನ್ನಿ. ‘ಆದರೆ’, ‘ಯಾಕಂದ್ರೆ’ ಬಂದ ಕಡೆ ಗೀಟು ಹಾಕಿ, ಅಲ್ಲಿಗೇ ನಿಲ್ಲಿಸಿ.

ಬೈಬಲಿನ 1 ಸಮುವೇಲ 15ರಲ್ಲಿ ಇಸ್ರಾಯೇಲಿನ ಅರಸ ಸೌಲ ಎಡವಿದ್ದು ಇಲ್ಲೇ. ಶತ್ರುಗಳ ಕುರಿದನಗಳನ್ನೂ ಉಳಿಸಬಾರದೆಂಬ ದೇವರ ಆಜ್ಞೆ ಮೀರಿದ್ದ; ಪ್ರವಾದಿ ಸಮುವೇಲ ಕೇಳಿದಾಗ ಮೊದಲು, ಅವನ್ನು ಉಳಿಸಿದ್ದು ಜನರು ಅಂದ. ಪಾಪ ಮಾಡಿದೆ ಎಂದು ಒಪ್ಪಿದ ಮೇಲೂ ‘ಜನರಿಗೆ ಹೆದರಿದೆ’ ಎಂದು ಸೇರಿಸಿದ. ಕೊನೆಗೆ ಹಿರಿಯರ ಮುಂದೆ ಮರ್ಯಾದೆ ಉಳಿಸು ಅಂತ ಬೇಡಿದ. ಅವನ ನಂತರದ ಅರಸ ದಾವೀದ ತಪ್ಪು ಮಾಡಿದಾಗ ಹೇಳಿದ್ದು (2 ಸಮುವೇಲ 12:13) ಒಂದೇ ಸಾಲು: ‘ನಾನು ದೇವರಿಗೆ ವಿರುದ್ಧವಾಗಿ ಪಾಪ ಮಾಡಿದೆ’.

ನಷ್ಟವಾಗಿದ್ದರೆ ಬಾಯಿಮಾತು ಸಾಲದು. ಬೈಬಲಿನ ಅರಣ್ಯಕಾಂಡ 5:7ರ ಲೆಕ್ಕ: ಅಸಲು, ಅದರ ಮೇಲೆ ಐದನೇ ಒಂದು ಪಾಲು. ಅಂದರೆ 1,000ಕ್ಕೆ 1,200. ಒಟ್ಟಿಗೆ ಆಗದಿದ್ದರೆ ತಾರೀಖು ಹೇಳಿ ಕಂತು ಮಾಡಿ.